ಲಿಂಕ್ ಕಳಿಸುವ ಮುಂಚೆ

ಮಗು, ಮಗ್ಗದಲ್ಲಿ ದುಡಿಯೋ ಹೆಂಗಸರ ಕೂಲಿ, ಮಾಲೀಕರಿಂದ ತಗೊಳ್ಳೋ ಮುಂಗಡದ ಬಗ್ಗೆ ಪ್ರಬಂಧ ಬರೀತೀನಿ ಅಂದೆ. ಮಧುರೆಯವಳು ನೀನು, ಪಕ್ಕದ ದೊಡ್ಡಬಳ್ಳಾಪುರದ ಮಗ್ಗದ ಕೇರಿಗಳು ನಿನಗೆ ಹೊಸದಲ್ಲ, ವಿಷಯ ಒಪ್ಪುತ್ತೆ. ಆದರೆ ಗೂಗಲ್ ಫಾರ್ಮ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಹರಿಬಿಡ್ತೀನಿ ಅಂದೆಯಲ್ಲ, ಅಲ್ಲಿ ಸ್ವಲ್ಪ ನಿಲ್ಲು.

ಆ ಲಿಂಕ್ ಯಾರ ಕೈ ಸೇರುತ್ತೆ? ಎಷ್ಟೋ ಮನೆಗಳಲ್ಲಿ ಇರೋ ಒಂದು ಸ್ಮಾರ್ಟ್‌ಫೋನು ಮಗನ ಜೇಬಲ್ಲಿ. ತಾಯಿಯ ಕೂಲಿಯನ್ನು ಅವನೇ ಅಂದಾಜಿನಲ್ಲಿ ತುಂಬಿ ಕಳಿಸಿಬಿಡ್ತಾನೆ. ಒಬ್ಬರಿಗೆ ಒಂದೇ ಉತ್ತರ ಅಂತ ಕಟ್ಟು ಹಾಕಿದೆಯೋ, ಫಾರ್ಮು ಗೂಗಲ್ ಖಾತೆಯ ಲಾಗಿನ್ ಕೇಳುತ್ತೆ. ಇನ್ನಷ್ಟು ಜನ ಅಲ್ಲೇ ಉದುರಿಹೋಗ್ತಾರೆ. ಉತ್ತರ ರಾಶಿ ಬಿದ್ದರೂ ಹಿಗ್ಗಬೇಡ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಟೆಲಿಫೋನು, ಕಾರು ಇದ್ದವರ ಪಟ್ಟಿ ಹಿಡಿದು ಸುಮಾರು ಒಂದು ಕೋಟಿ ಜನಕ್ಕೆ ಅಧ್ಯಕ್ಷ ಚುನಾವಣೆಯಲ್ಲಿ ಮತ ಯಾರಿಗೆ ಅಂತ ಅಂಚೆಯಲ್ಲಿ ಪ್ರಶ್ನೆ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ತಾರೆ ಅಂತ ಬರೆಯಿತು; ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು.

ನಮ್ಮಲ್ಲೇ ನೋಡು. 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗ 60 ಪ್ರಶ್ನೆಗಳ ಸಮೀಕ್ಷೆ ನಡೆಸಿತು. ಆನ್‌ಲೈನಿನಲ್ಲಿ ತಾವೇ ತುಂಬೋ ದಾರಿಯೂ ಇತ್ತು. ಆದರೂ ಮೇಷ್ಟ್ರುಗಳು ಫೋನ್ ಹಿಡಿದು ಮನೆಮನೆ ಅಲೆಯೋದು ತಪ್ಪಲಿಲ್ಲ.

ನೀನೂ ಮನೆಗೇ ಹೋಗು, ಕೋಬೋ ಟೂಲ್‌ಬಾಕ್ಸ್ ಅನ್ನೋ ಸಮೀಕ್ಷೆಯ ಸಾಧನ ಹಾಕ್ಕೊಂಡು. ನೆಟ್‌ವರ್ಕ್ ಇಲ್ಲದಿದ್ದರೂ ಉತ್ತರ ಫೋನಿನಲ್ಲೇ ಉಳಿಯುತ್ತೆ, ಆಮೇಲೆ ಸರ್ವರಿಗೆ ಕಳಿಸಬಹುದು. ಒಂದೇ ಫಾರ್ಮಿನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇಡಬಹುದು. ಮುಂಗಡ ತಗೊಂಡಿಲ್ಲ ಅಂದವಳಿಗೆ ಮುಂಗಡದ ಉಳಿದ ಪ್ರಶ್ನೆ ಬಾರದ ಹಾಗೆ ಮಾಡಬಹುದು. ಉಚಿತ ಖಾತೆಗೆ ಮಿತಿ ಉಂಟು, ಒಬ್ಬಳ ಪ್ರಬಂಧಕ್ಕೆ ಸಾಕು. ಕಾಲೇಜು ಹುಡುಗರನ್ನು ಕೇಳೋದಾಗಿದ್ದರೆ ಗೂಗಲ್ ಫಾರ್ಮೇ ಸಾಕಿತ್ತು, ನಾನೂ ಬಾಯಿ ಹಾಕ್ತಿರಲಿಲ್ಲ.

ಮೊದಲು ನಾಲ್ಕಾರು ಮನೆಯಲ್ಲಿ ಕೇಳಿ ನೋಡಿ ಪ್ರಶ್ನೆ ತಿದ್ದಿಕೋ. ವಿದ್ಯುತ್ ಮಗ್ಗ ಓಡುವಾಗ ಯಾರ ಮಾತೂ ಕೇಳಿಸಲ್ಲ. ಕರೆಂಟ್ ಹೋದಾಗ ಹೋಗಿ ಕೂತ್ಕೋ. ಡೌನ್‌ಲೋಡ್ ಮಾಡುವಾಗ ಎಕ್ಸೆಲ್ ಫೈಲನ್ನೇ ತಗೋ, ಸಿಎಸ್‌ವಿ ತೆರೆದರೆ ಕನ್ನಡ ಅಕ್ಷರ ಕೆಟ್ಟುಹೋಗಬಹುದು.

ಹೆಸರು, ಫೋನ್ ನಂಬರ್ ಬೇಡ. ಜಿಪಿಎಸ್ ಪ್ರಶ್ನೆಯನ್ನೂ ಸೇರಿಸಬೇಡ: ಹತ್ತು ಮಗ್ಗದ ಬೀದಿಯಲ್ಲಿ ಮನೆ ಗುರುತಾದರೆ ಆಳೂ ಗುರುತಾದ ಹಾಗೇ. ಯಾರು ಎಷ್ಟು ಮುಂಗಡದಲ್ಲಿ ಸಿಕ್ಕಿಕೊಂಡಿದ್ದಾರೆ, ಬಿಟ್ಟು ಹೋಗೋ ಯೋಚನೆ ಯಾರಿಗಿದೆ ಅನ್ನೋದು ಮಾಲೀಕನ ಕಿವಿಗೆ ಬಿದ್ದರೆ ಅವಳ ಕೆಲಸಕ್ಕೇ ಕುತ್ತು. ಈ ಅಪಾಯವನ್ನೂ, ಹೆಸರು ಬರೆಯಲ್ಲ ಅನ್ನೋದನ್ನೂ ಅವಳಿಗೆ ಮೊದಲೇ ಹೇಳು. ಬೇಡ ಅಂದರೆ ಎದ್ದು ಬಾ.