ಗಡಿ ದಾಟಿದರೆ ಲೀಟರಿಗೆ ಎಷ್ಟು ಉಳಿಯುತ್ತದೆ?

ಗುರುಮಠಕಲ್‌ನ ಬಂಕಿನಲ್ಲಿ ಬೆಳಿಗ್ಗೆ ಹೊತ್ತು ನಿಂತು ನೋಡಿದರೆ ಕೆಎ 33 ಗಾಡಿಗಳ ನಡುವೆ ಟಿಎಸ್ 38 ಗಾಡಿಗಳೂ ಸರದಿಯಲ್ಲಿರುತ್ತವೆ. ಅವು ನಮ್ಮವು, ತೆಲಂಗಾಣದ ದಾಮರಗಿದ್ದ, ನಾರಾಯಣಪೇಟೆ ಕಡೆಯವು. ಸಂತೆಗೆ ಬಂದವರು, ಬೀಗರ ಮನೆಗೆ ಬಂದವರು ಊರಿಗೆ ತಿರುಗುವ ಮುನ್ನ ‘ಫುಲ್ ಮಾಡ್ರಿ’ ಅನ್ನುವುದು ರೂಢಿಯಾಗಿ ಹೋಗಿದೆ. ಮನೆಯ ಲೆಕ್ಕದ ಪುಸ್ತಕದಲ್ಲಿ ನನಗೂ ಗುರುಮಠಕಲ್ ಹೆಸರಿನದೇ ಒಂದು ಪುಟವಿದೆ.

1956ರ ನವೆಂಬರ್ 1ರವರೆಗೆ ಈ ಎರಡೂ ಕಡೆ ಹೈದರಾಬಾದ್ ರಾಜ್ಯವೇ. ಆಮೇಲೆ ಗೆರೆ ಬಿತ್ತು, ಗೆರೆಯ ಜೊತೆ ಬೇರೆ ಬೇರೆ ತೆರಿಗೆ ಬಂತು. 2017ರಲ್ಲಿ ಜಿಎಸ್‌ಟಿ ಬಂದಾಗಲೂ ಪೆಟ್ರೋಲ್, ಡೀಸೆಲ್ ಅದರ ಹೊರಗೇ ಉಳಿದವು. ನಿಜವಾದ ಅಂತರ ಶುರುವಾದದ್ದು 2021ರ ದೀಪಾವಳಿಗೆ. ಕೇಂದ್ರ ಅಬಕಾರಿ ಸುಂಕವನ್ನು ಪೆಟ್ರೋಲಿಗೆ 5, ಡೀಸೆಲಿಗೆ 10 ರೂಪಾಯಿ ಇಳಿಸಿತು. ಕರ್ನಾಟಕ ತನ್ನ ಪಾಲಿನಿಂದ ಇನ್ನೂ 7 ರೂಪಾಯಿ ಬಿಟ್ಟಿತು. ತೆಲಂಗಾಣ ಮಾತ್ರ ಪೆಟ್ರೋಲಿನ ಮೇಲಿನ ಶೇ 35.2, ಡೀಸೆಲಿನ ಮೇಲಿನ ಶೇ 27 ವ್ಯಾಟ್ ಮುಟ್ಟಲೇ ಇಲ್ಲ. 2024ರ ಮಾರ್ಚ್‌ನಲ್ಲಿ ಡೀಸೆಲ್ ಹೈದರಾಬಾದಿನಲ್ಲಿ 95.65 ರೂಪಾಯಿ, ಬೆಂಗಳೂರಿನಲ್ಲಿ 85.93. ರಾಜಧಾನಿಗಳ ದರಕ್ಕೂ ಗಡಿಯ ದರಕ್ಕೂ ಚೂರುಪಾರು ಹೆಚ್ಚುಕಡಿಮೆ ಇರುತ್ತದೆ, ಅದನ್ನು ಬಿಡಿ. ಟ್ರ್ಯಾಕ್ಟರಿಗೆ 50 ಲೀಟರ್ ತುಂಬಿಸಿದರೆ 486 ರೂಪಾಯಿ ಜೇಬಿನಲ್ಲೇ ಉಳಿಯುತ್ತಿತ್ತು. ಆ ದಿನಗಳಲ್ಲಿ ಗಡಿ ದಾಟದವನೇ ದಡ್ಡ.

ಆದರೆ ಕರ್ನಾಟಕ 2024ರ ಜೂನ್‌ನಲ್ಲಿ ಮಾರಾಟ ತೆರಿಗೆ ಏರಿಸಿತು, 2025ರ ಏಪ್ರಿಲ್‌ನಲ್ಲಿ ಡೀಸೆಲಿಗೆ ಮತ್ತೊಮ್ಮೆ. ದರ 91.02ಕ್ಕೆ ಬಂದು ನಿಂತಿತು. 50 ಲೀಟರಿನ ಉಳಿತಾಯ 232 ರೂಪಾಯಿಗೆ ಇಳಿಯಿತು. ಬೈಕಿನ ಲೆಕ್ಕ ಇನ್ನೂ ಕಷ್ಟ. ಲೀಟರಿಗೆ ನಾಲ್ಕೂವರೆ ರೂಪಾಯಿ ಉಳಿದರೆ ಹತ್ತು ಲೀಟರಿಗೆ 45. ಹೋಗಿಬರಲು 30 ಕಿಲೋಮೀಟರ್, ಮೈಲೇಜ್ 50 ಎಂದಿಟ್ಟುಕೊಂಡರೆ ದಾರಿಗೇ 60 ರೂಪಾಯಿ ಮೇಲಿನ ಪೆಟ್ರೋಲ್ ಸುಟ್ಟಿರುತ್ತದೆ. ಹೇಗೂ ಹೋಗುವ ಕೆಲಸವಿದ್ದರೆ ತುಂಬಿಸಿಕೊಳ್ಳಿ. ಅದಕ್ಕೆಂದೇ ಹೋಗುವವರು ಹತ್ತು ರೂಪಾಯಿ ಅಂತರದ ಕಾಲದ ಚಟವನ್ನು ಈಗಲೂ ಸಾಕುತ್ತಿದ್ದಾರೆ. ನಮ್ಮ ಓಣಿಯಲ್ಲಿ ಅಂಥವರಿಗೆ ಬರವಿಲ್ಲ.

ಇದನ್ನೆಲ್ಲ ತಂಗಿಯ ಮಗನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅವನು ಜರ್ಮನಿಯಲ್ಲಿ ನೌಕರಿಯಲ್ಲಿದ್ದಾನೆ. ಅವನ ಅಳಲೇ ಬೇರೆ. "ಮಾಮಾ, ಇಲ್ಲಿ ಒಂದು ವಿಡಿಯೊ ಗೇಮಿಗೆ ಅಲ್ಲಿಗಿಂತ ಹೆಚ್ಚುಕಮ್ಮಿ ಡಬಲ್ ರೊಕ್ಕ. ಅಲ್ಲೇ ತಗೊಂಡು ನನಗ ಗಿಫ್ಟ್ ಕಳಸ್ರಿ, ರೊಕ್ಕ ಹಾಕ್ತೀನಿ" ಅಂದ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ನನ್ನ ಮಗನ ಖಾತೆಯಿಂದ ಪ್ರಯತ್ನಿಸಿದೆವು. ಎರಡು ದೇಶಗಳ ಬೆಲೆಯಲ್ಲಿ ಅಂತರ ಹೆಚ್ಚಿದೆ, ಕಳಿಸಲಾಗದು ಎಂದು ಅಂಗಡಿ ಹೇಳಿತು. ಬಂಕಿನ ಹುಡುಗ ಗಾಡಿಯ ನಂಬರ್ ನೋಡಿ ಪೈಪು ತೂಗುಹಾಕಿದರೆ ಹೇಗಿರುತ್ತದೋ ಹಾಗೆ.

ಬೆಲೆಯ ಅಂತರವೇನೋ ದೊಡ್ಡದೇ. 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಆಟಕ್ಕೆ ಭಾರತದಲ್ಲಿ 2,999 ರೂಪಾಯಿ, ಯೂರೋ ದೇಶಗಳಲ್ಲಿ 59.99 ಯೂರೋ, ಆಗಿನ ವಿನಿಮಯ ದರದಲ್ಲಿ ಸುಮಾರು 5,400 ರೂಪಾಯಿ. ಇದಕ್ಕೆ ತೆರಿಗೆ ಕಾರಣವಲ್ಲ. ನಮ್ಮ ಬೆಲೆಯೊಳಗೆ ಶೇ 18 ಜಿಎಸ್‌ಟಿ ಇದೆ, ಜರ್ಮನಿಯ ಬೆಲೆಯೊಳಗೆ ಶೇ 19 ವ್ಯಾಟ್. ಪೆಟ್ರೋಲಿನಲ್ಲಿ ಸರಕಿನ ದರ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಬೇರೆಯಾಗುವುದು ತೆರಿಗೆ. ಗೇಮಿನಲ್ಲಿ ತೆರಿಗೆ ಹೆಚ್ಚುಕಮ್ಮಿ ಒಂದೇ, ಮಾರುವವನೇ ಗಿರಾಕಿಯ ಜೇಬು ನೋಡಿ ಬೆಲೆ ಕಟ್ಟುತ್ತಾನೆ. ಅಮೆರಿಕದಲ್ಲೂ 59.99 ಡಾಲರ್ ತಾನೇ, ಯೂರೋ ಡಾಲರಿಗಿಂತ ತುಟ್ಟಿಯಲ್ಲವೇ ಎಂದು ಯುರೋಪಿನವರು ದೂರುತ್ತಾರೆ. ಆ ಡಾಲರ್ ಬೆಲೆಯಲ್ಲಿ ತೆರಿಗೆ ಸೇರಿಲ್ಲ. ವ್ಯಾಟ್ ತೆಗೆದರೆ ಜರ್ಮನಿಯ ಬೆಲೆ ಸುಮಾರು 50 ಯೂರೋ, ಅಂದರೆ ಆಗಿನ 55 ಡಾಲರ್. ಹಾಗಾಗಿ ಅಳಿಯನ ದೂರನ್ನು ನಾನು ಒಪ್ಪಲಿಲ್ಲ. ಅವನ ಸಂಬಳ ಯೂರೋದಲ್ಲಿ ಬರುತ್ತದೆ, ನಮ್ಮ ಹುಡುಗರದು ರೂಪಾಯಿಯಲ್ಲಿ.

ಪೋಲೆಂಡಿನವರ ದೂರು ಮಾತ್ರ ನ್ಯಾಯದ್ದು. ಜರ್ಮನಿಗಿಂತ ಕಡಿಮೆ ಸಂಬಳ ಪಡೆಯುವ ಅವರಿಗೆ ಎಷ್ಟೋ ಆಟಗಳ ಝ್ಲೋಟಿ ಬೆಲೆ ಯೂರೋ ಬೆಲೆಗಿಂತ ಮೇಲೆ ಬೀಳುತ್ತದೆ. ಒಂದು ಕಾಲಕ್ಕೆ ಅಲ್ಲಿ ಆಟ ತೆರೆಯುವ ಕೋಡ್‌ಗಳು, ಅಂದರೆ ಕೀಗಳು, ಅಗ್ಗಕ್ಕೆ ಸಿಗುತ್ತಿದ್ದವು. ಪೋಲೆಂಡ್, ಹಂಗರಿ, ರೊಮೇನಿಯಾದಂಥ ದೇಶಗಳಲ್ಲಿ ಕೊಂಡ ಆ ಕೀಗಳು ಉಳಿದ ಕಡೆ ತೆರೆಯದಂತೆ ಸ್ಟೀಮ್‌ನ ಒಡೆಯ ವಾಲ್ವ್ ಮತ್ತು ಐದು ಗೇಮ್ ಪ್ರಕಾಶಕರು ಬೀಗ ಹಾಕಿದ್ದರು. ಯುರೋಪಿಯನ್ ಒಕ್ಕೂಟದೊಳಗೆ ಹೀಗೆ ಬೇಲಿ ಹಾಕುವಂತಿಲ್ಲ ಎಂದು ಯುರೋಪಿಯನ್ ಆಯೋಗ 2021ರ ಜನವರಿಯಲ್ಲಿ ಎಲ್ಲರಿಗೂ ಸೇರಿಸಿ 78 ಲಕ್ಷ ಯೂರೋ ದಂಡ ಹಾಕಿತು. ವಾಲ್ವ್ ಹೂಡಿದ ಮೊಕದ್ದಮೆಯನ್ನು 2023ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟದ ನ್ಯಾಯಾಲಯ ತಳ್ಳಿಹಾಕಿತು. ಬೇರೆ ಬೇರೆ ಬೆಲೆ ಇಟ್ಟದ್ದು ಅಲ್ಲಿ ತಪ್ಪಾಗಲಿಲ್ಲ. ಅಗ್ಗವಿದ್ದ ಕಡೆಯಿಂದ ತರಲು ಬಿಡದ್ದು ತಪ್ಪಾಯಿತು.

ನಮ್ಮ ಗಡಿಯಲ್ಲಿ ಕೊಳ್ಳುವವನಿಗೆ ಆ ಅಡ್ಡಿಯಿಲ್ಲ, ಟಿಎಸ್ ಗಾಡಿಗೂ ಕೆಎ ಗಾಡಿಗೂ ಬಂಕಿನಲ್ಲಿ ಒಂದೇ ರೇಟು. ಅಡ್ಡಿಯಿರುವುದು ಮಾರುವವನಿಗೆ. 2024ರ ಮುಂಗಾರಿನಿಂದ ತೆಲಂಗಾಣ ಸರ್ಕಾರ ಸಣ್ಣ ಭತ್ತಕ್ಕೆ ಬೆಂಬಲ ಬೆಲೆಯ ಮೇಲೆ ಕ್ವಿಂಟಲಿಗೆ 500 ರೂಪಾಯಿ ಬೋನಸ್ ಕೊಡತೊಡಗಿತು. ಆ ವರ್ಷ ಎ ದರ್ಜೆಯ ಭತ್ತದ ಬೆಂಬಲ ಬೆಲೆ 2,320; ಬೋನಸ್ ಸೇರಿ 2,820. ಕೃಷ್ಣೆಯ ಆಚೆ ರಾಯಚೂರು ಕಡೆ ಬೆಳೆಯುವುದೂ ಅದೇ ಭತ್ತ. ಅದು ಮಕ್ತಲ್ ಕಡೆಯ ಖರೀದಿ ಕೇಂದ್ರಗಳಿಗೆ ಬರಬಾರದೆಂದು ಗಡಿಯಲ್ಲಿ ಚೆಕ್‌ಪೋಸ್ಟ್ ಬಿದ್ದವು. ಬೋನಸ್ ತೆಲಂಗಾಣದ ತೆರಿಗೆಯ ದುಡ್ಡು, ಅದನ್ನು ಕಾಯುವುದು ಸರ್ಕಾರದ ಹಕ್ಕು ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೂ ಗುರುಮಠಕಲ್‌ಗೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರುವ ನಾವೇ, ಆಚೆಯ ಭತ್ತದ ಲಾರಿ ಬಂದರೆ ‘ಕಳ್ಳಸಾಗಣೆ’ ಅಂತ ಬೊಬ್ಬೆ ಹಾಕುತ್ತೇವೆ.

ರಾಯಚೂರಿನ ಬೀಗರು ಈಗ ಮಕ್ತಲ್ ಕಡೆ ಹೊಲ ಗುತ್ತಿಗೆಗೆ ಸಿಗುತ್ತದೇನೋ ನೋಡಿರಿ ಎಂದು ಕೇಳಿದ್ದಾರೆ. ಎಕರೆಗೆ 20 ಕ್ವಿಂಟಲ್ ಹಿಡಿದರೂ ಬೋನಸ್ಸೇ 10,000 ರೂಪಾಯಿ. ಆ ಹತ್ತು ಸಾವಿರ ಪಟ್ಟಾದಾರನ ಖಾತೆಗೆ ಹೋದರೆ ನಿಮ್ಮ ಕೈಗೆ ಎಷ್ಟು, ಯಾವಾಗ ಅನ್ನುವುದನ್ನು ನಾಟಿಗೆ ಮುಂಚೆಯೇ ಕಾಗದದ ಮೇಲೆ ಬರೆಸಿಕೊಳ್ಳಿ ಎಂದು ಹೇಳಿದ್ದೇನೆ.