ಹಲವು ಭಾಷೆಯ ಜಾಲತಾಣಕ್ಕೆ ಸಿಡಿಎನ್ ಹೊಂದಿಸುವ ಬಗೆ

ಜಾಲತಾಣದ ಪುಟಗಳ ಪ್ರತಿಯನ್ನು ಓದುಗರಿಗೆ ಹತ್ತಿರದ ಸರ್ವರ್‌ಗಳಲ್ಲಿಟ್ಟು ಅಲ್ಲಿಂದಲೇ ಕೊಡುವ ಏರ್ಪಾಡು ಸಿಡಿಎನ್. ಒಂದೇ ಭಾಷೆಯ ತಾಣಕ್ಕೆ ಇದನ್ನು ಹೊಂದಿಸುವುದು ಸಲೀಸು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇರುವ ತಾಣದಲ್ಲಿ ಮಾತ್ರ ಕನ್ನಡ ಬೇಕೆಂದವರ ಮುಂದೆ ಹಿಂದಿ ಪುಟ ಬಂದು ನಿಲ್ಲುವುದುಂಟು.

ಇದಕ್ಕೆ ಕಾರಣ ಕ್ಯಾಶ್ ಕೀ, ಅಂದರೆ ಇಟ್ಟುಕೊಂಡ ಪ್ರತಿಯನ್ನು ಗುರುತಿಸುವ ಕೀಲಿ. ಸಿಡಿಎನ್ ಸಾಮಾನ್ಯವಾಗಿ ಪ್ರತಿಯನ್ನು ಗುರುತಿಸುವುದು ಪುಟದ ಯುಆರ್‌ಎಲ್‌ನಿಂದ. ಬ್ರೌಸರ್ ಕಳಿಸುವ ಅಕ್ಸೆಪ್ಟ್-ಲ್ಯಾಂಗ್ವೇಜ್ ಹೆಡರ್ ನೋಡಿ ಮೂಲ ಸರ್ವರ್ ಒಂದೇ ಯುಆರ್‌ಎಲ್‌ಗೆ ಮೂರು ಭಾಷೆಯ ಉತ್ತರ ಕೊಟ್ಟರೆ, ಮೊದಲು ಬಂದವರ ಭಾಷೆ ಕ್ಯಾಶ್‌ನಲ್ಲಿ ಉಳಿದು ಮಿಕ್ಕವರಿಗೂ ಅದೇ ಹೋಗುತ್ತದೆ. ಯಾವ ಹೆಡರ್ ಬದಲಾದರೆ ಬೇರೆ ಪ್ರತಿ ಇಡಬೇಕೆಂದು ತಿಳಿಸುವ ವೇರಿ ಹೆಡರ್ ಇದಕ್ಕೆ ಮದ್ದೆಂದು ಹೇಳುವುದಿದೆ. ಆದರೆ ಬ್ರೌಸರ್‌ಗಳ ಭಾಷಾಪಟ್ಟಿ ನೂರಾರು ಬಗೆ. ಪ್ರತಿ ಬಗೆಗೂ ಬೇರೆ ಪ್ರತಿ ಹುಟ್ಟಿ ಕ್ಯಾಶ್ ಇದ್ದೂ ಇಲ್ಲದಂತಾಗುತ್ತದೆ.

ಹಾಗಾಗಿ ಮೊದಲ ಕೆಲಸ ಸಿಡಿಎನ್‌ನಲ್ಲಲ್ಲ, ತಾಣದಲ್ಲೇ: ಪ್ರತಿ ಭಾಷೆಗೂ ಪ್ರತ್ಯೇಕ ಯುಆರ್‌ಎಲ್ ಇರಬೇಕು. ಅದಾದ ಮೇಲೆ ಈ ಪುಟಗಳ ಕ್ಯಾಶ್ ಕೀಯಿಂದ ಕುಕಿ, ಭಾಷಾ ಹೆಡರ್, ಯುಆರ್‌ಎಲ್‌ಗೆ ಅಂಟಿ ಬರುವ ಜಾಹೀರಾತಿನ ಬಾಲಂಗೋಚಿಗಳನ್ನು ತೆಗೆಯಬೇಕು. ಲಾಗಿನ್ ಆದವರ ಪುಟಗಳನ್ನು ಕ್ಯಾಶ್ ಮಾಡಲೇಬಾರದು.

ಭಾಷೆಯನ್ನು ಊಹಿಸುವ ಕೆಲಸ ಮುಖಪುಟಕ್ಕಷ್ಟೇ ಸೀಮಿತವಾಗಿರಲಿ. ಓದುಗರು ಹಿಂದೆ ಆರಿಸಿದ ಭಾಷೆಯ ಕುಕಿ ಮೊದಲು, ಬ್ರೌಸರ್ ಭಾಷೆ ಆಮೇಲೆ. ಅಲ್ಲಿಂದ ಕಳಿಸುವ 302 ರೀಡೈರೆಕ್ಟ್‌ಗೆ ಕ್ಯಾಶ್ ಮಾಡಬೇಡವೆನ್ನುವ ನೋ-ಸ್ಟೋರ್ ಸೂಚನೆ ಸೇರಿಸಬೇಕು. ದೇಶ ನೋಡಿ ಭಾಷೆ ತೀರ್ಮಾನಿಸುವುದು ಭಾರತದ ಮಟ್ಟಿಗಂತೂ ಅರ್ಥವಿಲ್ಲದ ಮಾತು. ನ್ಯೂಜೆರ್ಸಿಯ ಕನ್ನಡಿಗರಿಗೂ ಅದರಿಂದ ತೊಂದರೆಯೇ. ಗೂಗಲ್‌ಬಾಟ್ ಬಹುತೇಕ ಅಮೆರಿಕದ ವಿಳಾಸಗಳಿಂದ ಬರುವುದರಿಂದ ಅದಕ್ಕೆ ಇಂಗ್ಲಿಷ್ ಪುಟವಷ್ಟೇ ಕಾಣುವ ಅಪಾಯವೂ ಇದೆ. ಭಾಷಾ ಪುಟಗಳನ್ನು ಪರಸ್ಪರ ಜೋಡಿಸಲು ಎಚ್‌ರೆಫ್‌ಲ್ಯಾಂಗ್ ಟ್ಯಾಗ್ ಇದೆ.

ಕ್ಯಾಶ್ ಅವಧಿ ಸುದ್ದಿಪುಟಕ್ಕೆ ಕೆಲವು ನಿಮಿಷ ಸಾಕು. ಹೆಸರಿನಲ್ಲೇ ಆವೃತ್ತಿ ಸಂಖ್ಯೆಯಿರುವ ಚಿತ್ರ, ಫಾಂಟ್‌ಗಳಿಗೆ ಒಂದು ವರ್ಷ, ಅಂದರೆ 3,15,36,000 ಸೆಕೆಂಡು ಕೊಡಬಹುದು. ಕನ್ನಡದ ಫಾಂಟ್ ಬೇರೆ ಸಬ್‌ಡೊಮೇನ್‌ನಿಂದ ಬರುವುದಾದರೆ ಅದರ ಬಳಕೆಗೆ ಅನುಮತಿ ಕೊಡುವ ಕಾರ್ಸ್ ಹೆಡರ್ ಕಡ್ಡಾಯ. ಇಲ್ಲವಾದರೆ ಬ್ರೌಸರ್ ಅದನ್ನು ಬಳಸುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಆದ್ದರಿಂದ ಬ್ರಾಟ್ಲಿ ಸಂಕೋಚನ ಚಾಲೂ ಇರಲಿ.

ಹಿಂದಿ ಅನುವಾದ ತಿದ್ದಿದಾಗ ಇಡೀ ತಾಣದ ಕ್ಯಾಶ್ ಅಳಿಸಬೇಕಿಲ್ಲ, ಆ ಭಾಷೆಯ ಯುಆರ್‌ಎಲ್‌ಗಳನ್ನಷ್ಟೇ ಪರ್ಜ್ ಮಾಡಿದರಾಯಿತು.

ಡಿಎನ್‌ಎಸ್ ಬದಲಿಸಿ ತಾಣವನ್ನು ಸಿಡಿಎನ್‌ಗೆ ತಿರುಗಿಸುವ ಮುನ್ನ ಕರ್ಲ್ ಆಜ್ಞೆಯಿಂದ ಒಂದೇ ಕನ್ನಡ ಪುಟವನ್ನು ಮೊದಲು ಹಿಂದಿ, ಆಮೇಲೆ ಇಂಗ್ಲಿಷ್ ಭಾಷಾ ಹೆಡರ್ ಕೊಟ್ಟು ತರಿಸಿ ನೋಡಬೇಕು. ಎರಡು ಸಲವೂ ಕನ್ನಡವೇ ಬಂದು, ಎರಡನೇ ಸಲ ಉತ್ತರ ಕ್ಯಾಶ್‌ನಿಂದ ಬಂದದ್ದೆಂದು ಹೆಡರ್ ತೋರಿಸಿದರೆ ಹೊಂದಿಕೆ ಸರಿಯಾಗಿದೆ.