ಕೊಬ್ಬರಿ ಅಟ್ಟದಲ್ಲಿ, ದಂಪತಿ ಹೆದ್ದಾರಿಯಲ್ಲಿ

ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯಲ್ಲಿ ಮೂರು ಪಾಳಿ ದುಡಿದವರು, ತಿಪಟೂರಿನಲ್ಲಿ ಮೇಷ್ಟ್ರಾಗಿದ್ದವರು, ತುರುವೇಕೆರೆಯ ಕಚೇರಿಗಳಲ್ಲಿ ಕಡತ ತಿರುವಿದವರು ನಿವೃತ್ತಿಯ ಹೊಸತರಲ್ಲಿ ಆಡುವ ಮಾತೊಂದಿದೆ: ‘ಒಂದು ವ್ಯಾನ್ ತಗೊಂಡು ಇಬ್ರೇ ದೇಶ ಸುತ್ತಿ ಬಂದ್ಬಿಡೋಣ.’ ‘ತೋಟ ಯಾರು ನೋಡ್ಕೊಳ್ತಾರೆ?’ ಎಂದು ಮನೆಯಾಕೆ ಕೇಳುತ್ತಾರೆ. ಪ್ರವಾಸ ಅಲ್ಲಿಗೆ ಮುಗಿಯುತ್ತದೆ.

ಅಮೆರಿಕದಲ್ಲಿ ನಿವೃತ್ತರು ಇದ್ದ ಮನೆಯನ್ನೇ ಮಾರಿ ಮೋಟಾರು ಮನೆ ಹತ್ತುವುದುಂಟು. ನೀರು, ಕರೆಂಟು, ಕೊಳಚೆ ಕೊಳವೆ ಸಮೇತ ಗಾಡಿ ನಿಲ್ಲಿಸುವ ತಾಣಗಳು ಅಲ್ಲಿ ಊರೂರಿಗೆ ಇವೆ. ನಮ್ಮಲ್ಲಿ ಅವು ಅಪರೂಪ. ನಮ್ಮಲ್ಲಿರುವುದು ಛತ್ರ, ಮಠ, ಗುರುದ್ವಾರ. ಹಾಗೆಂದು ಸುತ್ತುವವರೇನೂ ನಿಂತಿಲ್ಲ. ಮೈಸೂರಿನ ಡಿ. ಕೃಷ್ಣಕುಮಾರ್ 2018ರ ಜನವರಿಯಲ್ಲಿ ಅಪ್ಪನಿಂದ ಬಂದ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ತಾಯಿ ಚೂಡಾರತ್ನಮ್ಮನವರನ್ನು ಕೂರಿಸಿಕೊಂಡು ಹೊರಟವರು ದೇಶ ತೋರಿಸಿ, ನೇಪಾಳ, ಭೂತಾನ್, ಮ್ಯಾನ್ಮಾರ್‌ಗೂ ಕರೆದೊಯ್ದರು. ಕೊಚ್ಚಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ವಿಜಯನ್–ಮೋಹನಾ ದಂಪತಿ ದಿನದ ಗಳಿಕೆಯಲ್ಲಿ ಉಳಿಸಿ, ಸಾಲದ್ದಕ್ಕೆ ಸಾಲ ಮಾಡಿ, 25ಕ್ಕೂ ಹೆಚ್ಚು ದೇಶ ನೋಡಿದರು. ಇವರಲ್ಲಿ ಯಾರಿಗೂ ಕ್ಯಾರವಾನ್ ಬೇಕಾಗಲಿಲ್ಲ. ಹೀಗಾಗಿ, ಹೊರಡುವವರಿಗೆಂದು ಮಾಡಿದ ಈ ಪಟ್ಟಿಯಲ್ಲಿ ಗಾಡಿಯ ಮಾತು ಸ್ವಲ್ಪ ತಡವಾಗಿ ಬರುತ್ತದೆ.

1. ಮೊದಲು ತೋಟಕ್ಕೆ ವ್ಯವಸ್ಥೆ ಮಾಡಿ

ತೆಂಗು ರಜೆ ಕೊಡುವ ಬೆಳೆಯಲ್ಲ. ಒಂದೂವರೆ ಎರಡು ತಿಂಗಳಿಗೊಮ್ಮೆ ಕಾಯಿ ಕೀಳಿಸಬೇಕು, ಬೇಸಿಗೆಯಲ್ಲಿ ನೀರು ತಪ್ಪಬಾರದು. ದಾರಿ ಎರಡಿವೆ. ವರ್ಷಕ್ಕೆ ಇಷ್ಟು ಎಂದು ಮಾತಾಡಿ ಫಸಲನ್ನು ಗುತ್ತಿಗೆಗೆ ಕೊಡುವುದು. ಇಲ್ಲವೇ ನಂಬಿಕಸ್ಥರಿಗೆ ಪಾಲಿಗೆ ಒಪ್ಪಿಸುವುದು. ಗುತ್ತಿಗೆಯಲ್ಲಿ ತಲೆನೋವು ಕಡಿಮೆ. ಆದರೆ ಗುತ್ತಿಗೆದಾರನ ಕಣ್ಣು ಕಾಯಿಯ ಮೇಲಿರುತ್ತದೆ, ಮರದ ಮೇಲಲ್ಲ. ಕಪ್ಪುತಲೆ ಹುಳು ಗರಿಯ ಹಸಿರನ್ನು ಕೆರೆದು ತಿನ್ನುತ್ತಿದ್ದರೂ, ಕಾಂಡದಿಂದ ಕೆಂಗಂದು ರಸ ಸೋರುತ್ತಿದ್ದರೂ ಅವನಿಗೆ ಈ ವರ್ಷದ ಲೆಕ್ಕ ಸರಿಹೋದರೆ ಸಾಕು. ಹಾಗಾಗಿ ಗುತ್ತಿಗೆಗೆ ಸಂಬಂಧವಿಲ್ಲದ ಒಬ್ಬರಿಗೆ ತಿಂಗಳಿಗೊಮ್ಮೆ ತೋಟ ಸುತ್ತುವ ಕೆಲಸ ಕೊಡಿ. ಸಂಬಳ ಕೊಟ್ಟೇ ಕೊಡಿ. ಸುಳಿಯ ಫೋಟೊ, ಕಾಂಡದ ಫೋಟೊ ವಾಟ್ಸ್ಆ್ಯಪ್‌ಗೆ ಬರಲಿ. ಅನುಮಾನ ಬಂದರೆ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಸಿ. ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದರೆ ಜೋಧಪುರದಲ್ಲಿ ಕುಳಿತು ಅಮ್ಮಸಂದ್ರದ ಮೋಟಾರ್ ಹಾಕಬಹುದು, ತ್ರೀ ಫೇಸ್ ಇದ್ದರೆ!

ನಮ್ಮ ಸೀಮೆಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಪ್ರವಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಂಡೆ ಕೊಬ್ಬರಿಗೆ ಅವಸರವಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕೇ ಬೇಕು. ಟೊಮೆಟೊ ಬೆಳೆದವನಿಗೆ ಈ ಭಾಗ್ಯವಿಲ್ಲ. ಹೋಗುವ ಮುಂಚೆ ಅಟ್ಟ ತುಂಬಿಸಿ. ಸುಲಿಸುವುದು, ಒಡೆಸುವುದು, ತಿಪಟೂರು ಮಾರುಕಟ್ಟೆಗೆ ಹಾಕುವುದು, ಎಲ್ಲ ಬಂದ ಮೇಲೆ.

ಅಟ್ಟದ ಸುದ್ದಿ ಮಾತ್ರ ಮನೆಯಲ್ಲೇ ಇರಲಿ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಸಾರಿತ್ತು. ಆ ವರ್ಷ ತಿಪಟೂರಿನ ಧಾರಣೆ 20,000 ದಾಟಿ ಮೇಲೇರಿತು. ಅಷ್ಟು ಬೆಲೆಯ ಸರಕು ಬೀಗ ಹಾಕಿದ ಮನೆಯ ಅಟ್ಟದಲ್ಲಿದೆ, ಯಜಮಾನರು ರಾಜಸ್ಥಾನದಲ್ಲಿದ್ದಾರೆ ಎಂಬುದನ್ನು ಸ್ಟೇಟಸ್‌ನಲ್ಲಿ ಹಾಕಿ ಊರಿಗೆಲ್ಲ ತಿಳಿಸಬೇಡಿ. ಫೋಟೊಗಳನ್ನು ವಾಪಸು ಬಂದಮೇಲೆ ಹಾಕಿದರೂ ಜನ ನೋಡುತ್ತಾರೆ.

2. ದೀಪಾವಳಿ ಕಳೆದ ಮೇಲೆ ಹೊರಡಿ

ಮಳೆ ಹಿಂದೆ ಸರಿದಿರುತ್ತದೆ, ಮಣ್ಣಿನಲ್ಲಿ ತೇವ ಇರುತ್ತದೆ, ತೋಟಕ್ಕೆ ನೀರಿನ ಹಾಹಾಕಾರ ಇರುವುದಿಲ್ಲ. ಡಿಸೆಂಬರ್–ಜನವರಿಯಲ್ಲಿ ಗಂಗೆಯ ಬಯಲಿಗೆ ಹೋಗಬೇಡಿ. ಮಂಜು ಕವಿದು ಮುಂದಿನ ಲಾರಿ ಕಾಣದ ಹೆದ್ದಾರಿಗಳವು. ಆ ಎರಡು ತಿಂಗಳು ಗುಜರಾತ್, ರಾಜಸ್ಥಾನ ಇಟ್ಟುಕೊಳ್ಳಿ, ಫೆಬ್ರವರಿಯಲ್ಲಿ ಕಾಶಿ. ಬದರಿ–ಕೇದಾರ ಈ ಸುತ್ತಿಗೆ ಹೊಂದುವುದಿಲ್ಲ, ಚಳಿಗಾಲದಲ್ಲಿ ಆ ಬಾಗಿಲು ಮುಚ್ಚಿರುತ್ತದೆ. ಅಮರನಾಥದ ಆಸೆಯಿದ್ದರೆ 70 ದಾಟುವ ಮುಂಚೆ ತೀರಿಸಿಕೊಳ್ಳಿ, ನೋಂದಣಿಗೆ ವಯಸ್ಸಿನ ಮಿತಿ ಇದೆ.

ನವೆಂಬರ್ ಎಂದರೆ ಪಿಂಚಣಿದಾರರಿಗೆ ಜೀವಿತ ಪ್ರಮಾಣಪತ್ರದ ತಿಂಗಳು. ಈಗ ಫೋನಿಗೆ ಮುಖ ತೋರಿಸಿ ‘ಜೀವನ್ ಪ್ರಮಾಣ್’ ಪಡೆಯುವ ಸೌಲಭ್ಯವಿದೆ. ಭವಿಷ್ಯ ನಿಧಿ ಪಿಂಚಣಿಯವರಿಗೆ ನವೆಂಬರ್ ಎಂಬ ಕಟ್ಟಳೆಯೂ ಇಲ್ಲ; ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಯಾವ ಪಿಂಚಣಿಯಾದರೂ ಈ ಕೆಲಸವನ್ನು ಆದಷ್ಟು ಹೊರಡುವ ಮುಂಚೆಯೇ ಮುಗಿಸಿಬಿಡಿ.

ದಸರೀಘಟ್ಟದ ಚೌಡೇಶ್ವರಿಯನ್ನು ಕೇಳದೆ ಹೊರಡುವುದಿಲ್ಲ ಎನ್ನುವವರು ಕೇಳಿಯೇ ಹೊರಡಿ. ಟೈರಿನ ವಯಸ್ಸನ್ನು ಮಾತ್ರ ಮೆಕ್ಯಾನಿಕ್ಕನ್ನೇ ಕೇಳಿ.

3. ಕೊಳ್ಳಬೇಡಿ, ಬಾಡಿಗೆಗೆ ತನ್ನಿ

ಮಂಚ, ಅಡುಗೆ ಕಟ್ಟೆ ಇರುವ ಕ್ಯಾರವಾನ್‌ಗಳು ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತವೆ. ನಾಲ್ಕು ದಿನ ಹಂಪಿ, ಬಾದಾಮಿ ಕಡೆ ಹೋಗಿ ಬನ್ನಿ. ವ್ಯಾನಿನಲ್ಲಿ ಮಲಗಿದರೆ ಸೊಂಟ ಏನೆನ್ನುತ್ತದೆ ಎಂಬುದು ಮೊದಲ ಬೆಳಗ್ಗೆಯೇ ತಿಳಿಯುತ್ತದೆ. ಎಷ್ಟೋ ದಂಪತಿಗೆ ಸಾಕಾಗುವುದು ಏಳು ಸೀಟಿನ ಕಾರು. ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿದರೆ ಮಧ್ಯಾಹ್ನದ ನಿದ್ದೆಗೆ ಧಾರಾಳ.

ಕೊಂಡೇ ತೀರುವವರು ಗ್ಯಾರೇಜಿನವನ ಮಾತು ಕೇಳಿ ಹಳೆಯ ವ್ಯಾನಿಗೆ ಮಂಚ, ಸಿಂಕು ಬೆಸೆಸಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯ ಸ್ವರೂಪ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು. ಅದಿಲ್ಲದೆ ಅಪಘಾತವಾದರೆ ವಿಮೆಯವರ ಮುಂದೆ ನಿಮ್ಮ ಕೈ ಕಟ್ಟಿದಂತೆ.

ಪರವಾನಗಿ ನೋಡಿಕೊಳ್ಳಿ. 55 ದಾಟಿದ ಮೇಲೆ ಅದು ಸಿಗುವುದು ಐದೈದು ವರ್ಷಕ್ಕೆ ಮಾತ್ರ, ಜೊತೆಗೆ ವೈದ್ಯರ ಪ್ರಮಾಣಪತ್ರ ಬೇಕು. ಹಾಗೆಯೇ 2025ರ ಆಗಸ್ಟ್ 15ರಿಂದ ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. ಶುರುವಾದಾಗ 3,000 ರೂಪಾಯಿಗೆ 200 ಟೋಲ್ ದಾಟುವ ಅವಕಾಶ ಇತ್ತು. ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇಗಳಿಗಷ್ಟೇ ಇದು ಅನ್ವಯ. ದೇಶ ಸುತ್ತುವವರಿಗೆ ಮಾಡಿಸಿದಂತಿದೆ.

4. ದಿನಕ್ಕೆ 250 ಕಿಲೋಮೀಟರ್, ದೀಪ ಹಚ್ಚುವ ಹೊತ್ತಿಗೆ ಬಂದ್

ಅಮ್ಮಸಂದ್ರದಿಂದ ಕಾಶಿಗೆ ಸುಮಾರು 1,800 ಕಿಲೋಮೀಟರ್. ಮಗನಾದರೆ ಎರಡು ದಿನದಲ್ಲಿ ಓಡಿಸಿ ಹೆಮ್ಮೆಪಡುತ್ತಾನೆ. ನೀವು ಒಂದು ವಾರ ತಗೊಳ್ಳಿ. ಕಿಬ್ಬನಹಳ್ಳಿ ಕ್ರಾಸಿನಿಂದ ಹುಳಿಯಾರು, ಹಿರಿಯೂರು, ಹೊಸಪೇಟೆ, ವಿಜಯಪುರ ಹಾದು ಸೊಲ್ಲಾಪುರಕ್ಕೆ ಹೋದರೆ ಅಲ್ಲಿಯವರೆಗೂ ಕನ್ನಡ ಕೈಬಿಡುವುದಿಲ್ಲ. ಸಿದ್ಧರಾಮನ ಊರಿನ ದೇವಸ್ಥಾನದ ಬೀದಿಯಲ್ಲಿ ಈಗಲೂ ಕನ್ನಡದಲ್ಲಿ ವ್ಯಾಪಾರ ಮಾಡಬಹುದು. ಬೀದರ್ ಕಡೆಯಿಂದ ಹೋದರೆ ನಾನಕ್ ಝೀರಾ ಗುರುದ್ವಾರ, ಮುಂದೆ ನಾಂದೇಡ್, ನಾಗಪುರ. ನಾಗಪುರ ದಾಟಿ ಸಿವನಿಗೆ ಹೋಗುವಾಗ ಪೆಂಚ್ ಕಾಡು ಸಿಗುತ್ತದೆ. ಹುಲಿ, ಜಿಂಕೆ ಅಡಿಯಲ್ಲಿ ದಾಟಲೆಂದು ಅಲ್ಲಿ ರಸ್ತೆಯನ್ನೇ ಎತ್ತರಿಸಿ ಕಟ್ಟಿದ್ದಾರೆ. ಹಗಲಿನಲ್ಲಿ ಹೋದರೆ ತಾನೆ ಇದೆಲ್ಲ ಕಾಣುವುದು!

ಕಣ್ಣಿನ ಪೊರೆ ಶುರುವಾದವರಿಗೆ ಎದುರು ಗಾಡಿಯ ಹೈಬೀಮ್ ಬೆಂಕಿಯ ಉಂಡೆ. ಕತ್ತಲಾದ ಮೇಲೆ ‘ಇನ್ನೊಂದು ನಲವತ್ತು ಕಿಲೋಮೀಟರ್ ತಾನೆ’ ಎಂಬ ಮಾತಿಗೆ ಯಾರೂ ಒಪ್ಪಬೇಡಿ.

5. ಗಾಡಿ ಕೂರಲು, ಛತ್ರ ಮಲಗಲು

ತಿರುಮಲ, ಮಂತ್ರಾಲಯ, ಶ್ರೀಶೈಲಗಳಲ್ಲಿ ಕರ್ನಾಟಕದ ಛತ್ರಗಳಿವೆ. ಕಾಶಿಯಲ್ಲಿ ಜಂಗಮವಾಡಿ ಮಠವಿದೆ. ಗುರುದ್ವಾರಗಳಲ್ಲಿ ತಲೆಗೆ ವಸ್ತ್ರ ಕಟ್ಟಿ ಒಳಗೆ ಹೋದರೆ ಜಾತಿ ಕೇಳದೆ ಊಟ ಹಾಕುತ್ತಾರೆ, ದೊಡ್ಡ ಗುರುದ್ವಾರಗಳಲ್ಲಿ ತಂಗಲು ಕೋಣೆಯೂ ಉಂಟು. ಪಂಕ್ತಿಯಲ್ಲಿ ಕೂತು ಉಂಡ ಮೇಲೆ ರೊಟ್ಟಿ ಲಟ್ಟಿಸಲು ಕೈ ಜೋಡಿಸಿ. ಭಾಷೆ ಬಾರದಿದ್ದರೂ ಮನೆಯಾಕೆಗೆ ಅಲ್ಲಿ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ರಸ್ತೆ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಮಲಗುವ ಸಾಹಸ ಹುಡುಗರಿಗಿರಲಿ. ಅನಿವಾರ್ಯವಾದರೆ ದೊಡ್ಡ ಪೆಟ್ರೋಲ್ ಬಂಕಿನಲ್ಲಿ, ಮ್ಯಾನೇಜರನ್ನು ಕೇಳಿ ನಿಲ್ಲಿಸಿ.

6. ಕಕ್ಕಸಿನ ಮಾತು ನಾಚದೆ ಆಡಿ

ಪ್ರವಾಸ ಕಥನಗಳಲ್ಲಿ ಇದು ಬರುವುದಿಲ್ಲ, ಆದರೆ ಅರವತ್ತರ ನಂತರದ ಪ್ರವಾಸ ನಿಂತಿರುವುದೇ ಇದರ ಮೇಲೆ. ಪ್ರಾಸ್ಟೇಟ್ ತೊಂದರೆ ಇರುವವರಿಗೆ ಗಂಟೆಗೊಂದು ನಿಲುಗಡೆ ಬೇಕು; ಮಂಡಿ ನೋವಿನವರಿಗೆ ನೆಲದ ಕಕ್ಕಸಿನಲ್ಲಿ ಕೂತರೆ ಏಳಲಾಗದು. ಮಡಚುವ ಕಮೋಡ್ ಕುರ್ಚಿ ಒಂದು ಗಾಡಿಯಲ್ಲಿರಲಿ, ಎಲ್ಲ ಛತ್ರಗಳಲ್ಲೂ ಕೆಲಸಕ್ಕೆ ಬರುತ್ತದೆ. ಕ್ಯಾರವಾನಿನೊಳಗಿನ ಶೌಚದ ತೊಟ್ಟಿ ಕೇಳಲು ಚೆನ್ನ, ತುಂಬಿದ ಮೇಲೆ ಅದನ್ನು ಖಾಲಿ ಮಾಡುವ ಜಾಗ ನಮ್ಮ ಹೆದ್ದಾರಿಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಊರೊಳಗೆ ಸುಲಭ್ ಶೌಚಾಲಯ ವಿಚಾರಿಸಿ. 1970ರಲ್ಲಿ ಬಿಂದೇಶ್ವರ್ ಪಾಠಕ್ ಕಟ್ಟಿದ ಸಂಸ್ಥೆ, ಉತ್ತರದಲ್ಲಿ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಮೂತ್ರಕ್ಕೆ ಹೆದರಿ ನೀರು ಕುಡಿಯುವುದನ್ನು ಮಾತ್ರ ಬಿಡಬೇಡಿ.

7. ರಾಗಿ ಹಿಟ್ಟು ಜೊತೆಗಿರಲಿ

ರಾಗಿ ಹುರಿಹಿಟ್ಟು, ಕೊಬ್ಬರಿ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಂದು ಸಣ್ಣ ಕುಕ್ಕರ್. ಇಷ್ಟಿದ್ದರೆ ಹತ್ತನೇ ದಿನದ ದಾಲ್–ರೋಟಿಯ ಬೇಸರಕ್ಕೆ ಮದ್ದು. ಛತ್ರದಲ್ಲಿ ಕರೆಂಟು ಕೊಟ್ಟರೆ ಇಂಡಕ್ಷನ್ ಒಲೆ. ಇಲ್ಲದಿದ್ದರೆ ಐದು ಕೆ.ಜಿ. ಸಿಲಿಂಡರ್, ಅದನ್ನೂ ಗಾಡಿಯ ಹೊರಗಿಟ್ಟೇ ಹಚ್ಚಿ. ಕಿಟಕಿ ಮುಚ್ಚಿದ ವ್ಯಾನಿನಲ್ಲಿ ಉರಿಯುವ ಒಲೆ ವಾಸನೆಯಿಲ್ಲದ ವಿಷಾನಿಲ ಬಿಡುತ್ತದೆ. ಒಂದು ಚೀಲ ತೆಂಗಿನಕಾಯಿ ಹಾಕಿಕೊಂಡು ಹೋಗಿ: ಉತ್ತರದಲ್ಲಿ ಉಪಕಾರ ಮಾಡಿದವರಿಗೆ ತಿಪಟೂರು ಕಾಯಿಗಿಂತ ಒಳ್ಳೆಯ ಉಡುಗೊರೆ ಇಲ್ಲ.

8. ಮಾತ್ರೆಯ ನಿಜವಾದ ಹೆಸರು ಬರೆದಿಟ್ಟುಕೊಳ್ಳಿ

ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರು: ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್, ಹೀಗೆ. ಆಗ ಯಾವ ರಾಜ್ಯದ ಜನೌಷಧಿ ಕೇಂದ್ರದಲ್ಲೂ ಸಿಗುತ್ತದೆ, ಅಗ್ಗಕ್ಕೂ ಸಿಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಡ್ಯಾಶ್‌ಬೋರ್ಡಿನ ಬಿಸಿಲಿಗೆ ಇಡಬೇಡಿ.

9. ಮನೆಯಾಕೆಗೆ ಎಲ್ಲವೂ ಗೊತ್ತಿರಲಿ

ನಮ್ಮ ಕಡೆಯ ಗಂಡಸರ ದೊಡ್ಡ ಕೊರತೆ ಇದು. ಎಟಿಎಂ ಪಿನ್, ಯುಪಿಐ, ವಿಮೆಯ ಕಾಗದ, ಗಾಡಿಯ ದಾಖಲೆ ಎಲ್ಲವೂ ಯಜಮಾನರ ಜೇಬಿನಲ್ಲಿ, ಯಜಮಾನರ ತಲೆಯಲ್ಲಿ. ಇಟಾರ್ಸಿಯ ಬಳಿ ಅವರಿಗೇ ಎದೆ ಹಿಡಿದುಕೊಂಡರೆ? ಇಬ್ಬರ ಫೋನಿನಲ್ಲೂ ಯುಪಿಐ ಇರಲಿ, ಖಾತೆ ಜಂಟಿಯಾಗಿರಲಿ. ಹೆದ್ದಾರಿ ಸಹಾಯಕ್ಕೆ 1033, ಉಳಿದ ಎಲ್ಲ ತುರ್ತಿಗೆ 112, ಇಬ್ಬರಿಗೂ ಬಾಯಿಪಾಠವಾಗಲಿ. ಐವತ್ತೆಂಟರಲ್ಲಿ ಡ್ರೈವಿಂಗ್ ಕಲಿಯಲು ಆಕೆಗೆ ಇಷ್ಟವಿದ್ದರೆ ‘ಈ ವಯಸ್ಸಲ್ಲಿ ಯಾಕೇ?’ ಎನ್ನಬೇಡಿ, ಕಲಿಸಿ. ಅಮ್ಮಸಂದ್ರದ ರಸ್ತೆಗಳಲ್ಲಿ ಭಾನುವಾರದ ಮಧ್ಯಾಹ್ನ ಯಾರೂ ಅಡ್ಡ ಬರುವುದಿಲ್ಲ.

10. ಜಗಳಕ್ಕೂ ಜಾಗ ಬಿಡಿ

ಮೂವತ್ತೈದು ವರ್ಷ ಒಬ್ಬರು ಕೆಲಸಕ್ಕೆ, ಒಬ್ಬರು ಮನೆ–ತೋಟಕ್ಕೆ ಎಂದು ಬದುಕಿದವರು ಈಗ ಇಪ್ಪತ್ತನಾಲ್ಕು ಗಂಟೆ ಒಂದೇ ಗಾಡಿಯಲ್ಲಿ. ‘ಎಡಕ್ಕೆ ಅಂದೆ ಕಣ್ರೀ.’ ‘ನೀನು ಹೇಳಿದ್ದು ದಾಟಿದ ಮೇಲೆ.’ ದಾರಿಯ ಹೊಣೆ ಗೂಗಲ್‌ಗೆ ಕೊಟ್ಟರೆ ಅರ್ಧ ಜಗಳ ಕಡಿಮೆ. ಉಳಿದರ್ಧಕ್ಕೆ ವಾರಕ್ಕೊಂದು ಅರ್ಧ ದಿನ ಇಬ್ಬರೂ ಬೇರೆ ಬೇರೆ ಇರಿ: ಆಕೆ ಸೀರೆ ಅಂಗಡಿಗೋ ಘಾಟಿಗೋ, ಅವರು ಪೇಪರ್ ಓದಲು ಪಾರ್ಕಿಗೋ. ತಂಗಿದಲ್ಲೆಲ್ಲ ಸ್ನಾನ, ಪೂಜೆ ಮುಗಿಯದೆ ಹೊರಡಲಾರೆ ಎನ್ನುವವರು ಆರಕ್ಕೆ ಏಳುವ ಬದಲು ನಾಲ್ಕೂವರೆಗೆ ಏಳಿ, ಇನ್ನೊಬ್ಬರನ್ನು ಕಾಯಿಸಬೇಡಿ.

11. ಗಾಡಿ ಬೇಡವೆನಿಸಿದರೆ ರೈಲು ಹತ್ತಿ

ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ ಎಂಬ ಸಿಟ್ಟು ನ್ಯಾಯವಾದದ್ದೇ. ಆದರೂ 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಶುರುವಾದ ಕಾಶಿ ದರ್ಶನದ ಭಾರತ್ ಗೌರವ್ ರೈಲಿಗೆ ರಾಜ್ಯ ಸರ್ಕಾರದ ಸಹಾಯಧನವಿದೆ, ಊಟ–ವಸತಿ ಒಳಗೇ ಸೇರಿದೆ. ಮೊದಲ ಸುತ್ತನ್ನು ಅದರಲ್ಲಿ ಮಾಡಿ ನೋಡಿದವರು ಎರಡನೆಯದಕ್ಕೆ ಗಾಡಿ ಬೇಕೋ ಬೇಡವೋ ತಾವೇ ತೀರ್ಮಾನಿಸಬಲ್ಲರು.

12. ಶಿವರಾತ್ರಿಯ ಆಸುಪಾಸಿಗೆ ಊರಿಗೆ ಬನ್ನಿ

ಮಾರ್ಚ್ ಹುಟ್ಟಿದರೆ ಬೋರ್‌ವೆಲ್‌ಗೂ ಕರೆಂಟಿಗೂ ಒಡೆಯರೇ ಮುಂದೆ ನಿಲ್ಲಬೇಕಾಗುತ್ತದೆ. ಬಂದ ದಿನವೇ ತೋಟದ ಕೆಲಸಕ್ಕಿಟ್ಟವರ ಬಾಕಿ ಚುಕ್ತಾ ಮಾಡಿ, ಡ್ರಿಪ್ ಕೊಳವೆಯಲ್ಲಿ ಇಲಿ ಕಡಿದ ಕಡೆ ಜೋಡಿಸಿ, ಗುತ್ತಿಗೆಯ ಮುಂದಿನ ವರ್ಷದ ಮಾತನ್ನು ಧಾರಣೆ ನೋಡಿಕೊಂಡು ಆಡಿ. ಮಗ ಫೋನ್ ಮಾಡಿ ‘ಇನ್ನು ಸಾಕು ಕಣಪ್ಪ, ವಯಸ್ಸಾಯ್ತು’ ಎಂದರೆ ಗಾಡಿಯ ಸರ್ವೀಸ್‌ಗೆ ಅವನ ಖಾತೆಯಿಂದಲೇ ದುಡ್ಡು ಕಟ್ಟಿಸಿಕೊಳ್ಳಿ.